ಕೈ ಅಡ್ಡ ಹಿಡಿದವರು

ಹಾದಿಯಲ್ಲಿ ನಿಂತು ಬರುವ ವಾಹನಕ್ಕೆ ಕೈ ತೋರಿಸಿ, ಹತ್ತಿಸಿಕೊಳ್ಳುತ್ತೀರಾ ಎಂದು ಕೇಳುವುದಕ್ಕೆ ನಮ್ಮ ಕಡೆ ಈಗ ‘ಲಿಫ್ಟ್ ಕೇಳುವುದು’ ಎನ್ನುತ್ತಾರೆ. ನಾನು ಹುಡುಗನಾಗಿದ್ದಾಗ ಈ ಮಾತು ಜಾವಳಿಯ ಸುತ್ತಮುತ್ತ ಇರಲಿಲ್ಲ. ‘ಕೈ ಅಡ್ಡ ಹಿಡಿದೆ, ನಿಲ್ಲಿಸಿದರು’ ಎಂದಷ್ಟೇ ಹೇಳುತ್ತಿದ್ದರು. ಹೇಮಾವತಿ ನದಿ ಹುಟ್ಟುವುದು ನಮ್ಮ ಜಾವಳಿಯಲ್ಲಿ. ಇಲ್ಲಿ ಹುಟ್ಟಿದ ನೀರು ಯಾರನ್ನೂ ಕೇಳದೆ ಇಳಿಜಾರು ಹಿಡಿದು ಹಾಸನ ಜಿಲ್ಲೆ ದಾಟಿ ಕಾವೇರಿಗೆ ಸೇರುತ್ತದೆ. ಇಲ್ಲಿ ಹುಟ್ಟಿದ ಮನುಷ್ಯ ಮಾತ್ರ ಮೂಡಿಗೆರೆಗೆ ಹೋಗಬೇಕಾದರೂ ಒಂದಲ್ಲ ಒಂದು ದಿನ ಯಾರದೋ ವಾಹನಕ್ಕೆ ಕೈ ಅಡ್ಡ ಹಿಡಿಯಲೇಬೇಕು.

ಇದಕ್ಕೆ ಅಮೆರಿಕದಲ್ಲಿ 1920ರ ದಶಕದಲ್ಲಿ ‘ಹಿಚ್‌ಹೈಕಿಂಗ್’ ಎಂಬ ಹೆಸರು ಹುಟ್ಟಿತು. ಹೆಬ್ಬೆರಳನ್ನು ಮೇಲಕ್ಕೆತ್ತಿ ರಸ್ತೆ ಬದಿ ನಿಲ್ಲುವುದು ಅದರ ಗುರುತು. 1960 ಮತ್ತು 70ರ ದಶಕಗಳಲ್ಲಿ ಯೂರೋಪಿನ ತರುಣ ತರುಣಿಯರು ಇಸ್ತಾಂಬುಲ್, ತೆಹರಾನ್, ಕಾಬೂಲ್ ದಾರಿಯಾಗಿ ಭಾರತಕ್ಕೆ ಬರುತ್ತಿದ್ದ ಕಾಲದಲ್ಲಿ ಅನೇಕರು ಹೀಗೆ ಕಂಡವರ ಲಾರಿ, ಕಾರು ಹತ್ತಿಯೇ ಬಂದವರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ರಷ್ಯದ ಸೇನೆ ನುಗ್ಗಿದ ಮೇಲೆ ಆ ದಾರಿ ಮುಚ್ಚಿತು. ಆದರೂ ವಿಮಾನದಲ್ಲಿ ಬಂದಿಳಿದು ಗೋವ, ಗೋಕರ್ಣಗಳಲ್ಲಿ ಅಲೆಯುವವರು ನಿಲ್ಲಲಿಲ್ಲ.

ಅಂಥ ಇಬ್ಬರನ್ನು ನಾನು ಪಿಯುಸಿ ಓದುತ್ತಿದ್ದಾಗ ಕೊಟ್ಟಿಗೆಹಾರದಲ್ಲಿ ಕಂಡಿದ್ದೇನೆ. ಚಾರ್ಮಾಡಿ ಘಾಟಿಯ ಮೇಲ್ತುದಿಯ ಊರು ಅದು. ದೊಡ್ಡ ಚೀಲ ಹೊತ್ತ ಒಬ್ಬ ಗಂಡಸು, ಒಬ್ಬ ಹೆಂಗಸು ಮಂಜಿನಲ್ಲಿ ಹೆಬ್ಬೆರಳೆತ್ತಿ ನಿಂತಿದ್ದರು. ನಮ್ಮ ಕಡೆ ಹೆಬ್ಬೆಟ್ಟು ಎಂದರೆ ಸೊಸೈಟಿ ಸಾಲದ ಕಾಗದಕ್ಕೆ ಒತ್ತುವುದು, ಇಲ್ಲವೇ ಓದು ಬಾರದವನು ಎಂದರ್ಥ. ಲಾರಿಯವರು ಆ ಬೆರಳನ್ನು ನೋಡಿ ನಕ್ಕು ತಾವೂ ಒಂದು ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತಿದ್ದರು. ಕೊನೆಗೆ ಹೋಟೆಲಿನವರು ಹೊರಗೆ ಬಂದು, ಅವರಿಬ್ಬರನ್ನೂ ಕೈಹಿಡಿದಂತೆ ಕರೆದುಕೊಂಡು ಹೋಗಿ ಬಸ್ಸು ನಿಲ್ಲುವ ಕಡೆ ಕೂರಿಸಿ, ‘ಉಜಿರೆ ಬಸ್ಸು ಈಗ ಬರ್ತದೆ ಮಾರಾಯ್ರೆ, ಯಾಕೆ ಮಳೇಲಿ ನಿಲ್ತೀರಿ’ ಎಂದು ಕನ್ನಡದಲ್ಲೇ ಬುದ್ಧಿ ಹೇಳಿದರು. ಅವರಿಗೆ ಅದು ಅರ್ಥವಾಗಲಿಲ್ಲ. ಇವರಿಗೂ ಕೈಯಲ್ಲಿ ದುಡ್ಡಿದ್ದು, ಬಸ್ಸೂ ಇದ್ದು, ದಾರಿಯಲ್ಲಿ ಏಕೆ ನಿಲ್ಲಬೇಕೆಂಬುದು ಅರ್ಥವಾಗಲಿಲ್ಲ. ಥಾಯ್ಲೆಂಡ್, ಲಾವೋಸ್ ಕಡೆ ಅಲೆದು ಬಂದವರೂ ಇದನ್ನೇ ಹೇಳುತ್ತಾರೆ. ಅಲ್ಲಿಯೂ ಹೆಬ್ಬೆರಳಿಗೆ ಬೆಲೆಯಿಲ್ಲ, ಅಂಗೈ ಕೆಳಗೆ ಮಾಡಿ ಬೀಸಬೇಕು. ನಿಲ್ಲಿಸಿದ ಪುಣ್ಯಾತ್ಮನೂ ಕೂರಿಸಿಕೊಂಡು ಸೀದಾ ಬಸ್ ನಿಲ್ದಾಣಕ್ಕೆ ಬಿಟ್ಟು ಉಪಕಾರ ಮಾಡಿದೆನೆಂದು ಹೋಗುತ್ತಾನಂತೆ.

ಪರದೇಶಿ ಆರಿಸಿಕೊಂಡು ಮಾಡುವುದನ್ನು ನಮ್ಮವರು ಬೇರೆ ದಾರಿಯಿಲ್ಲದೆ ಮಾಡುತ್ತಾರೆ. ಆದ್ದರಿಂದ ನಮಗೆ ಅದರಲ್ಲಿ ಸಾಹಸ ಕಾಣುವುದಿಲ್ಲ. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ, ಈ ಘಟ್ಟಗಳನ್ನು ಹತ್ತಿದ ಪರದೇಶಿಗಳೆಲ್ಲರೂ ಒಂದಲ್ಲ ಒಂದು ರೀತಿ ಕೈ ಅಡ್ಡ ಹಿಡಿದವರೇ.

1340ರ ದಶಕದಲ್ಲಿ ಕರಾವಳಿಯಲ್ಲಿ ಓಡಾಡಿದ ಮೊರಾಕ್ಕೊ ದೇಶದ ಇಬ್ನ್ ಬತೂತ, ಗೋವೆಯಿಂದ ಕೊಲ್ಲಂವರೆಗಿನ ದಾರಿಯನ್ನು ವರ್ಣಿಸಿದ್ದಾನೆ. ನಮ್ಮ ಹೊನ್ನಾವರ, ಮಂಗಳೂರುಗಳು ಅದೇ ದಾರಿಯಲ್ಲಿವೆ. ದಾರಿಯುದ್ದಕ್ಕೂ ಮರದ ನೆರಳು, ಅರ್ಧ ಮೈಲಿಗೊಂದು ಮರದ ಕಟ್ಟೆಮನೆ, ಕೂರಲು ಜಗಲಿ, ಬಾವಿ, ನೀರು ಕೊಡಲು ಒಬ್ಬ ಆಳು. ಆ ಆಳು ತನ್ನ ಮತದವರಿಗೆ ಪಾತ್ರೆಯಲ್ಲಿ ಕೊಟ್ಟು, ಮುಸಲ್ಮಾನರಿಗೆ ಬೊಗಸೆಗೆ ಸುರಿಯುತ್ತಿದ್ದನೆಂಬುದನ್ನೂ ಅವನು ಬಿಡದೆ ಬರೆದಿದ್ದಾನೆ. ಆ ನಾಡಿನಲ್ಲಿ ಅರಸನ ಹೊರತು ಯಾರೂ ಪ್ರಾಣಿಯ ಮೇಲೆ ಸವಾರಿ ಮಾಡುತ್ತಿರಲಿಲ್ಲವಂತೆ. ಉಳ್ಳವರು ಆಳುಗಳ ಹೆಗಲ ಮೇಲಿನ ಪಲ್ಲಕ್ಕಿಯಲ್ಲಿ, ಇಲ್ಲದವರು ಕಾಲಮೇಲೆ. ದಾರಿಯ ಉಪಕಾರವೂ ದಾರಿಯ ಮೇಲುಕೀಳೂ ಒಟ್ಟಿಗೇ ಇದ್ದವೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಕಿಲ್ಲ.

ನೂರು ವರ್ಷದ ಮೇಲೆ, 1443ರಲ್ಲಿ, ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಘಟ್ಟದ ಮೇಲೆ ಅವನು ಕಂಡ ಪಟ್ಟಣದ ಹೆಸರನ್ನು ಕೆಲವರು ಬಿದನೂರು ಎಂದೂ ಕೆಲವರು ಬೇಲೂರು ಎಂದೂ ಓದಿದ್ದಾರೆ. ಬೇಲೂರು ಎಂದಾದರೆ ನಮ್ಮ ಆಸುಪಾಸಿನ ಕಣಿವೆಯನ್ನೇ ಅವನು ಹತ್ತಿರಬೇಕು ಎಂದು ಊಹಿಸಿ ಸಂತೋಷಪಡುವ ಹಕ್ಕು ನಮಗಿದೆ. ಹಟ ಹಿಡಿಯುವ ಹಕ್ಕಿಲ್ಲ. ಯಾವ ಕಣಿವೆಯಾದರೂ ಆಗಲಿ, ಅವನನ್ನು ಮೇಲೆ ತಂದದ್ದು ವಿಜಯನಗರದ ಅರಸನ ಕರೆ. ಅದೇ ಅವನ ಟಿಕೆಟ್ಟು.

1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆಗೆ ಅಂಥ ಕರೆಯೂ ಇರಲಿಲ್ಲ. ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ರಾಯಭಾರಿಯನ್ನು ಕಳಿಸುವುದು ಗೊತ್ತಾಗಿ, ದೇಶ ನೋಡುವ ಆಸೆಯಿಂದ ಇವನೂ ಜೊತೆಗೆ ಹೊರಟ. ಇದಕ್ಕಿಂತ ಸ್ಪಷ್ಟವಾದ ‘ಲಿಫ್ಟ್’ ಯಾವುದಿದೆ? ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ. ದಾರಿಯಲ್ಲಿ ಹೊರೆ ಹೊರುವವರು ಸಿದ್ಧರಾಗುವವರೆಗೆ ಕಾಯಬೇಕಾಗಿ ಬಂದಾಗ, ಒಂದು ಗುಡಿಯ ಮೊಗಸಾಲೆಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ನಯವಾದ ಮರಳು ಹರಡಿ, ಬೆರಳಲ್ಲಿ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ನೋಡಿ ಬರೆದಿಟ್ಟ. ನಮ್ಮ ಮಲೆನಾಡಿನ ಹಳೆಯ ಶಾಲೆಯ ಕಣ್ಣಾರೆ ಕಂಡ ಚಿತ್ರ ಇವತ್ತಿಗೂ ಉಳಿದಿದ್ದರೆ, ಅದಕ್ಕೆ ಒಬ್ಬ ಪರದೇಶಿಯ ಹೊರೆ ಹೊರಡುವುದು ತಡವಾದದ್ದು ಕಾರಣ.

ಆಮೇಲೆ ಕಾಫಿ ಬಂತು. ಬಾಬಾಬುಡನ್ ಮೆಕ್ಕಾ ಯಾತ್ರೆಯಿಂದ ಮರಳುವಾಗ ಯೆಮನ್ನಿನಿಂದ ಏಳು ಬೀಜ ತಂದರೆಂಬುದು ಐತಿಹ್ಯ. 1830ರ ಸುಮಾರಿಗೆ ಇಂಗ್ಲಿಷರ ತೋಟಗಳು ಚಿಕ್ಕಮಗಳೂರಿನ ಗುಡ್ಡಗಳಲ್ಲಿ ತಲೆ ಎತ್ತಿದವು. ಕಾಫಿ ಮಂಗಳೂರಿನ ಬಂದರಿಗೆ ಇಳಿಯಬೇಕಿತ್ತು, ಉಪ್ಪು ಮೇಲೆ ಬರಬೇಕಿತ್ತು. ಇವೆರಡೂ ಮೊದಲು ಹೇರೆತ್ತಿನ ಬೆನ್ನ ಮೇಲೆ, ರಸ್ತೆಯಾದ ಮೇಲೆ ಗಾಡಿಗಳಲ್ಲಿ ಓಡಾಡಿದವು. ಒಂಟಿಯಾಗಿ ಘಟ್ಟ ಇಳಿಯಲು ಹೆದರುವವರು ಗಾಡಿಗಳ ಸಾಲಿಗೆ ಸೇರಿಕೊಳ್ಳುತ್ತಿದ್ದರೆಂದು ನಮ್ಮಜ್ಜ ಹೇಳುತ್ತಿದ್ದರು. ಆಗ ಗಾಡಿ ಹತ್ತುತ್ತಿದ್ದುದು ಗಂಟು ಮಾತ್ರ, ಮನುಷ್ಯ ಹಿಂದಿನಿಂದ ನಡೆಯಬೇಕು. ಏರಿನಲ್ಲಿ ಚಕ್ರಕ್ಕೆ ಹೆಗಲು ಕೊಡಬೇಕು, ಇಳಿಜಾರಿನಲ್ಲಿ ಕಲ್ಲು ಕೊಡಬೇಕು. ಇದೇ ಬಾಡಿಗೆ. ಕೊಡುವವನಿಗೂ ಪಡೆಯುವವನಿಗೂ ಇಬ್ಬರಿಗೂ ಜೊತೆ ಬೇಕಿದ್ದ ಕಾಲ ಅದು. ಈಗಲೂ ಶಿವರಾತ್ರಿಗೆ ಸಾವಿರಾರು ಜನ ಚಾರ್ಮಾಡಿ ದಾರಿಯಾಗಿ ಧರ್ಮಸ್ಥಳಕ್ಕೆ ನಡೆದು ಹೋಗುವಾಗ ದಾರಿಯ ಊರಿನವರು ಮಜ್ಜಿಗೆ, ಪಾನಕ ಕೊಡುವುದರಲ್ಲಿ ಅದರ ಒಂದು ನೆನಪು ಉಳಿದಿದೆ.

ಮೋಟಾರು ಬಂದ ಮೇಲೆ ಜೊತೆಯ ಅಗತ್ಯ ಒಬ್ಬನಿಗೆ ಮಾತ್ರ ಉಳಿಯಿತು. ವಾಹನ ಇದ್ದವನಿಗೆ ಇಲ್ಲದವನು ಬೇಕಿಲ್ಲ. ಇಷ್ಟಾದರೂ ನಮ್ಮ ಗುಡ್ಡಗಳಲ್ಲಿ ಪದ್ಧತಿ ಸಾಯಲಿಲ್ಲ. ಮರದ ಲಾರಿ, ತೋಟದ ಜೀಪು, ಕುದುರೆಮುಖದ ಅದಿರು ಕಂಪನಿ ನಡೆಯುತ್ತಿದ್ದಾಗ ಆ ಕಡೆ ಹೋಗುವ ಗಾಡಿಗಳು, ಇವೆಲ್ಲ ನಮ್ಮ ಪಾಲಿಗೆ ಬಸ್ಸುಗಳೇ ಆಗಿದ್ದವು. 2005ರ ಕೊನೆಗೆ ಗಣಿ ನಿಂತು ಕುದುರೆಮುಖದ ಊರು ಬರಿದಾದಾಗ, ನದಿ ಉಳಿಯಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ರಾತ್ರಿ ಹೊತ್ತು ಕಳಸದ ದಾರಿಯಲ್ಲಿ ದೀಪ ಕಾಣುವುದು ಕಡಿಮೆಯಾಯಿತೆಂಬುದೂ ನಿಜ.

ನಿಜವಾದ ಬಸ್ಸಿನ ಕಥೆಯನ್ನೂ ಹೇಳಬೇಕು. ಕೊಪ್ಪದ ಕಡೆಯಿಂದ ಮಲೆನಾಡಿಗೆಲ್ಲ ಬಸ್ಸು ಓಡಿಸುತ್ತಿದ್ದ ಶಂಕರ್ ಕಂಪನಿ ನಿಂತಾಗ, ಅದರ ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಬಸ್ಸುಗಳನ್ನು ರಸ್ತೆಗಿಳಿಸಿದರು. ಅದೇ ಸಹಕಾರ ಸಾರಿಗೆ. ಓಡಿಸುವವನೇ ಒಡೆಯ. ಕೆಲವೇ ಬಸ್ಸುಗಳಿಂದ ಹೊರಟ ಸಂಸ್ಥೆ ಎಪ್ಪತ್ತರ ಆಸುಪಾಸಿಗೆ ಬೆಳೆಯಿತು. ಶಾಲೆಯ ಮಕ್ಕಳಿಗೆ ರಿಯಾಯಿತಿ ಪಾಸು ಕೊಟ್ಟಿತು. ಅದರ ಬಸ್ಸುಗಳಿಗೆ ನಿಲ್ದಾಣವೆಂಬುದು ಬೇಕಿರಲಿಲ್ಲ. ತೋಟದ ಗೇಟಿನಲ್ಲಿ ಕೈ ಅಡ್ಡ ಹಿಡಿದರೆ ನಿಂತಿತು. ಡೀಸೆಲ್, ವಿಮೆ, ತೆರಿಗೆ, ಬಿಡಿಭಾಗಗಳ ಖರ್ಚು ಏರುತ್ತಾ ಹೋಗಿ ಸಾಲದಲ್ಲಿ ಸಿಕ್ಕಿ 2020ರ ಫೆಬ್ರವರಿಯಲ್ಲಿ ಅದು ನಿಂತೇ ಹೋಯಿತು. ಮರುತಿಂಗಳೇ ಕೊರೊನಾ ಬಂದು ದೇಶದ ಬಸ್ಸುಗಳೆಲ್ಲ ನಿಂತದ್ದರಿಂದ, ನಮ್ಮ ಬಸ್ಸು ನಿಂತದ್ದು ಹೊರಗಿನವರ ಗಮನಕ್ಕೆ ಬರಲೇ ಇಲ್ಲ.

2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಜಾರಿಗೆ ಬಂತು. ಒಳ್ಳೆಯ ಕೆಲಸ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಸರ್ಕಾರಿ ಬಸ್ಸು ಬಾರದ ದಾರಿಯಲ್ಲಿ ಉಚಿತ ಟಿಕೆಟ್ಟು ಏನು ಮಾಡೀತು? ಅಂಥ ದಾರಿಯ ಹೆಂಗಸು ಪಿಕಪ್ಪಿಗೇ ಕಾಯಬೇಕು.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ಈ ಪಿಕಪ್ಪು ಹತ್ತುವುದು ಕಾನೂನಿನ ಕಣ್ಣಿಗೆ ಏನು? ಮೋಟಾರು ವಾಹನ ಕಾಯ್ದೆಯ ಪ್ರಕಾರ ಸರಕಿನ ಗಾಡಿ ಇರುವುದು ಸರಕಿಗೆ. 1994ರ ತಿದ್ದುಪಡಿಯಲ್ಲಿ, ಸರಕಿನ ಜೊತೆ ಬರುವ ಅದರ ಮಾಲೀಕನಿಗೋ ಅವನ ಪ್ರತಿನಿಧಿಗೋ ವಿಮೆಯ ರಕ್ಷಣೆ ಸೇರಿಸಿದರು. 2002ರಲ್ಲಿ ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸರಕಿನ ಗಾಡಿಯಲ್ಲಿ ಬಿಟ್ಟಿ ಹತ್ತಿದವನ ಹೊಣೆ ವಿಮಾ ಕಂಪನಿಯದಲ್ಲ ಎಂದು ತೀರ್ಮಾನಿಸಿತು. ಕಾಯ್ದೆಗೆ ಬೇಕಾದಷ್ಟೇ ವಿಮೆ ಮಾಡಿಸಿದ ಸ್ಕೂಟರಿನ ಹಿಂದೆ ಬಿಟ್ಟಿ ಕುಳಿತವನ ವಿಚಾರದಲ್ಲೂ 2006ರಲ್ಲಿ ಹೀಗೇ ಆಯಿತು. ಅಂದರೆ ಗಾಡಿ ಮಗುಚಿದರೆ ಒಂದು ಮೂಟೆ ಮೆಣಸಿನ ಜೊತೆ ಕುಳಿತ ಅದರ ಮಾಲೀಕನಿಗೆ ವಿಮೆ ಉಂಟು, ಅವನ ಪಕ್ಕದಲ್ಲೇ ಕುಳಿತ ಬರಿಗೈಯ ಕೂಲಿಯವಳಿಗೆ ಇಲ್ಲ. ಹತ್ತಿಸಿಕೊಂಡವನೇ ಕೈಯಿಂದ ಕೊಡಬೇಕು. ಅವನಲ್ಲಿ ಇಲ್ಲದಿದ್ದರೆ ಕಥೆ ಮುಗಿಯಿತು.

ಇದು ಕಾಗದದ ಮಾತಲ್ಲ. ಕೊಯ್ಲಿನ ಕಾಲದಲ್ಲಿ, ಡಿಸೆಂಬರಿನಿಂದ ಮಾರ್ಚಿವರೆಗೆ, ಬೆಳಿಗ್ಗೆ ಏಳೂವರೆಗೆ ನಮ್ಮ ರಸ್ತೆಯಲ್ಲಿ ನಿಂತು ನೋಡಿ. ಪಿಕಪ್ಪಿನ ಹಿಂದೆ ನಿಂತುಕೊಂಡೇ ಕೆಲಸಕ್ಕೆ ಹೋಗುವ ಹೆಂಗಸರು ಕಾಣುತ್ತಾರೆ. ಈ ತೀರ್ಪನ್ನು ತಿಳಿದ ತೋಟದ ಪರಿಚಯದವರೊಬ್ಬರು ಈಗ ದಾರಿಯಲ್ಲಿ ಯಾರನ್ನೂ ಹತ್ತಿಸುವುದಿಲ್ಲ. ‘ಪಾಪ ಅನ್ಸತ್ತೆ ಮಾರಾಯ, ಆದರೆ ಏನಾದ್ರೂ ಆದ್ರೆ ತೋಟ ಮಾರ್ಬೇಕಾಗತ್ತೆ’ ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಲೆಕ್ಕ ಹಾಕಿದರೆ ಅವರ ಮಾತು ಸರಿ. ಆದರೆ ಊರಿನವರೆಲ್ಲರೂ ಆ ಲೆಕ್ಕ ಹಾಕಿದ ದಿನ ನಮ್ಮ ಕಡೆ ಸಂಜೆಯ ಮೇಲೆ ಯಾರೂ ಮನೆ ಸೇರಲಾರರು.

2019ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಾಟಿಯ ಗುಡ್ಡ ಜರಿದು ದಾರಿ ಮುಚ್ಚಿ, ನಮ್ಮ ಸುತ್ತಿನ ಊರುಗಳಲ್ಲಿ ಮನೆ ತೋಟಗಳು ಮಣ್ಣಾದಾಗ, ಯಾವ ಗಾಡಿ ಯಾರದ್ದು, ವಿಮೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಜೀಪು ಇದ್ದವರು ಜನರನ್ನು ಹೇರಿಕೊಂಡು ಹೊರಟರು. ಅಂಥ ದಿನ ಜೀಪಿಗೆ ಕೈ ಅಡ್ಡ ಹಿಡಿಯುವ ಧೈರ್ಯ ಬರುವುದು, ಉಳಿದ ದಿನಗಳಲ್ಲಿ ಅದು ನಿಂತದ್ದನ್ನು ಕಂಡಿದ್ದರೆ ಮಾತ್ರ.

ಈಗ ಶನಿವಾರ ಭಾನುವಾರ ಬಲ್ಲಾಳರಾಯನದುರ್ಗ ನೋಡಲು ಬರುವ ಕಾರುಗಳು ನಮ್ಮ ರಸ್ತೆಯಲ್ಲಿ ಸಾಲುಸಾಲಾಗಿ ಹೋಗುತ್ತವೆ. ಅವು ನಿಲ್ಲುವುದಿಲ್ಲ, ನಿಲ್ಲಬೇಕೆಂದು ನಾವೂ ಕಾಯುವುದಿಲ್ಲ. ಗುರುತಿಲ್ಲದವರ ಕಾರು ಹತ್ತಬೇಡವೆಂದು ಹೆಣ್ಣುಮಕ್ಕಳಿಗೆ ಹೇಳಿಯೂ ಇದ್ದೇವೆ, ಅದೂ ಸರಿಯೆ. ಉಪಕಾರವನ್ನು ನಂಬಿ ಒಂದು ಊರು ಎಷ್ಟು ಕಾಲ ಓಡಾಡಬಹುದು? ಇಬ್ನ್ ಬತೂತ ಕಂಡ ಕಟ್ಟೆಮನೆಗಳನ್ನು ಯಾರೋ ಕಟ್ಟಿಸಿದ್ದರು, ನೀರಿನ ಆಳನ್ನು ಯಾರೋ ಇಟ್ಟಿದ್ದರು. ಅಷ್ಟನ್ನು ಆರೂವರೆ ಶತಮಾನಗಳಿಗೂ ಹಿಂದೆಯೇ ಮಾಡಿದ ನಾಡಿಗೆ, ಬೆಳಿಗ್ಗೆಯೊಂದು ಸಂಜೆಯೊಂದು ಬಸ್ಸು, ಪಿಕಪ್ಪಿನಲ್ಲಿ ಹೋಗುವ ಕೂಲಿಯವಳಿಗೊಂದು ವಿಮೆ ದೊಡ್ಡ ಮಾತಾಗಬಾರದು. ಅಲ್ಲಿಯವರೆಗೆ ಗುರುತಿದ್ದವರು ನಿಲ್ಲಿಸುತ್ತಿರಬೇಕು. ನಾನಂತೂ ನಿಲ್ಲಿಸುತ್ತೇನೆ, ವಿಮೆಯ ಕಾಗದವನ್ನು ಸರಿಯಾಗಿ ಓದಿ ಪೂರ್ತಿ ಹಣ ಕಟ್ಟಿಯೇ ನಿಲ್ಲಿಸುತ್ತೇನೆ.