ಮದ್ದಾಗಿದ್ದ ದುಡಿಮೆ ಹಕ್ಕಾದ ಕಥೆ



ಚೆನ್ನೈನಲ್ಲಿರುವ ನಿಮಗೆ ಕಿಲ್ಪಾಕ್‌ನ ಮಾನಸಿಕ ಆಸ್ಪತ್ರೆ ಗೊತ್ತೇ ಇದೆ. ಅದರ ಮೂಲ 1794ಕ್ಕೆ ಹೋಗುತ್ತದೆ. ಬ್ರಿಟಿಷರ ಕಾಲದ ಇಂಥ ಆಸ್ಪತ್ರೆಗಳಲ್ಲಿ ರೋಗಿಗಳಿಂದ ತೋಟದ ಕೆಲಸ, ನೇಯ್ಗೆ ಮಾಡಿಸುವ ರೂಢಿಯಿತ್ತು. ದುಡಿದರೆ ಮನಸ್ಸು ಹತೋಟಿಗೆ ಬರುತ್ತದೆಂಬುದು ವೈದ್ಯರ ನಂಬಿಕೆ. ಜತೆಗೆ ಆಸ್ಪತ್ರೆಯ ಖರ್ಚೂ ಉಳಿಯುತ್ತಿತ್ತು! ದುಡಿದವನಿಗೆ ಕೂಲಿಯ ಹಕ್ಕು ಮಾತ್ರ ಇರಲಿಲ್ಲ.

ಈ ಆಸ್ಪತ್ರೆಯ ಕಥೆಯಲ್ಲಿ ನಮ್ಮ ಕಡೆಯ ನಂಟೊಂದಿದೆ. ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂದು ಹೆಸರಾದ ಡಾ. ಶಾರದಾ ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ, 1923ರಲ್ಲಿ. ಮನೋವೈದ್ಯಕೀಯ ಓದಿದ್ದು ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ. 1961ರಿಂದ 1978ರವರೆಗೆ ಕಿಲ್ಪಾಕ್ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದ ಅವರು, ರೋಗಿಗಳಿಗೆ ಕಸುಬು ಕಲಿಸಿ ಸಮಾಜಕ್ಕೆ ಮರಳಿಸುವುದೂ ಚಿಕಿತ್ಸೆಯ ಭಾಗವೆಂದು ನಂಬಿದವರು. ಗುಣಮುಖನಾದವನು ಮನೆಗೆ ಹೋಗಿ ಕೆಲಸವಿಲ್ಲದೆ ಮೂಲೆ ಸೇರಿದರೆ ಮಾತ್ರೆಯೊಂದರಿಂದ ಏನಾದೀತು? ನಿವೃತ್ತಿಯ ನಂತರ 1984ರಲ್ಲಿ ಚೆನ್ನೈನಲ್ಲಿ 'ಸ್ಕಾರ್ಫ್' ಸಂಸ್ಥೆ ಕಟ್ಟಿದರು. ಸ್ಕಿಜೋಫ್ರೇನಿಯಾ ಇರುವವರ ಚಿಕಿತ್ಸೆಯ ಜತೆಗೆ ಉದ್ಯೋಗ ತರಬೇತಿಯನ್ನೂ ಅದು ಕೈಗೆತ್ತಿಕೊಂಡಿತು. 1992ರಲ್ಲಿ ಪದ್ಮಭೂಷಣ ಪಡೆದ ಅವರು ತೀರಿಕೊಂಡದ್ದು 2021ರಲ್ಲಿ.

ಕಾನೂನು ಮಾತ್ರ ನಿಧಾನವಾಗಿ ಬಂತು. 1995ರ ಅಂಗವಿಕಲರ ಕಾಯ್ದೆ ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು. ಆದರೆ ಸರ್ಕಾರಿ ಕೆಲಸದ ಶೇ. 3 ಮೀಸಲಾತಿ ಹಂಚುವಾಗ ಅವರನ್ನು ಹೊರಗಿಟ್ಟಿತು. ಎಲೆ ಹಾಕಿ ಊಟ ಬಡಿಸದ ಹಾಗೆ! ಆ ಬಾಗಿಲು ತೆರೆದದ್ದು 2016ರ ಕಾಯ್ದೆ. ಅದು ಮೀಸಲಾತಿಯನ್ನು ಶೇ. 4ಕ್ಕೆ ಏರಿಸಿತು. ಅದರಲ್ಲಿ ಶೇ. 1 ಮಾನಸಿಕ ಕಾಯಿಲೆ, ಆಟಿಸಂ, ಬುದ್ಧಿಮಾಂದ್ಯತೆ ಮೊದಲಾದವುಗಳಿಗೆ ಸೇರಿ ಸಿಕ್ಕ ಪಾಲು. ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂತೆಂದು ಸರ್ಕಾರಿ ಸಂಸ್ಥೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎಂದೂ ಅದು ಹೇಳುತ್ತದೆ. ಇನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಆಸ್ಪತ್ರೆಯಲ್ಲಿ ಬಲವಂತದ ದುಡಿಮೆ ಸಲ್ಲದು. ದುಡಿದರೆ ತಕ್ಕ ಸಂಭಾವನೆ ಕೊಡಲೇಬೇಕು. ಬ್ರಿಟಿಷರ ಕಾಲದ ಆ ಪುಕ್ಕಟೆ ನೇಕಾರನಿಗೆ ಉತ್ತರ ಸಿಕ್ಕಿದ್ದು ಇಷ್ಟು ತಡವಾಗಿ.

ಊರು ಬಿಟ್ಟು ಬಂದ ನಮ್ಮಲ್ಲಿ, ಮನೆಯಲ್ಲೊಬ್ಬರಿಗೆ ಇಂಥ ಕಾಯಿಲೆ ಇದ್ದರೆ ಊರಿನವರಿಗೂ ಹೇಳುವುದಿಲ್ಲ, ಇಲ್ಲಿನ ನೆರೆಯವರಿಗೂ ಹೇಳುವುದಿಲ್ಲ. "ತಂಗಿಯ ಮದುವೆಗೆ ತೊಂದರೆಯಾದೀತು" ಎಂಬ ಅಂಜಿಕೆಯಿಂದ ಪ್ರಮಾಣಪತ್ರವನ್ನೂ ಮಾಡಿಸುವುದಿಲ್ಲ. ಆದರೆ ಮೀಸಲಾತಿ ಸಿಗಬೇಕಾದರೆ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಬೇಕೇ ಬೇಕು. ಬಚ್ಚಿಟ್ಟರೆ ಹಕ್ಕೂ ಬಚ್ಚಿಟ್ಟಂತೆಯೇ. ಇನ್ನು, ನೀವು ನಾಲ್ಕು ಜನಕ್ಕೆ ಕೆಲಸ ಕೊಡುವವರಾದರೆ, ಡಾಕ್ಟರ ಬಳಿ ಹೋಗಲು ತಿಂಗಳಿಗೊಂದು ರಜೆ, ನಿದ್ದೆ ಕೆಡದ ಪಾಳಿ, ಇಷ್ಟು ಕೊಟ್ಟು ನೋಡಿ. ಮನೆಯಲ್ಲೇ ಕೂತಿರುವ ಒಬ್ಬರು ನಾಳೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟಾರು.