ನಾಲ್ಕು ವರ್ಷದ ಆಟ, ನಲವತ್ತು ವರ್ಷದ ದನಿ

ಅಮೆರಿಕದಲ್ಲಿ ಇಬ್ಬರು ಕಾಲೇಜು ಫುಟ್‌ಬಾಲ್ ಅಭಿಮಾನಿಗಳು ಒಂದೆಡೆ ಸೇರಿದರೆ ಮಾತು ಬಹುಬೇಗ ಹಳೆಯ ಆಟಗಾರರತ್ತ ಹೊರಳುತ್ತದೆ. ಇಂಥ ವರ್ಷ, ಇಂಥ ಪಂದ್ಯದಲ್ಲಿ, ಇಂಥವನು ಓಡಿದ ಓಟ ಎಂದು ಒಬ್ಬ ಆರಂಭಿಸಿದರೆ ಮತ್ತೊಬ್ಬ ಅಂಕಗಳನ್ನು ಒಪ್ಪಿಸುತ್ತಾನೆ. ಆ ಮಾತಿನ ನಡುವೆ ಆಟಗಾರನ ಹೆಸರಿನ ಜೊತೆಗೆ ಇನ್ನೊಂದು ಹೆಸರೂ ಬಂದೇ ಬರುತ್ತದೆ. ಅದು ಆ ಓಟವನ್ನು ರೇಡಿಯೊದಲ್ಲಿ ಬಣ್ಣಿಸಿದ ವೀಕ್ಷಕ ವಿವರಣೆಗಾರನ ಹೆಸರು. ಎಷ್ಟೋ ಸಲ ಅಭಿಮಾನಿಗೆ ನೆನಪಿರುವುದು ಕಣ್ಣಾರೆ ಕಂಡ ಆಟಕ್ಕಿಂತ ಕಿವಿಯಾರೆ ಕೇಳಿದ ಮಾತು. ಹೀಗೇಕೆ ಎಂಬ ಪ್ರಶ್ನೆಗೆ ಆ ಆಟದ ಚರಿತ್ರೆಯಲ್ಲಿ ಉತ್ತರವಿದೆ.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ, ಎದುರಾಳಿಗಳ ತಡೆಯನ್ನು ಭೇದಿಸಿ 100 ಗಜದ ಅಂಗಳದ ಕೊನೆಯ ಗೆರೆ ದಾಟುವ ಆಟ ಇದು. ಹಾಗೆ ದಾಟಿದರೆ 'ಟಚ್‌ಡೌನ್'. ಕಾಲೇಜುಗಳ ನಡುವಿನ ಮೊದಲ ಪಂದ್ಯವೆಂದು ಗಣಿಸಲಾಗುವ ರಟ್ಗರ್ಸ್-ಪ್ರಿನ್ಸ್‌ಟನ್ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು. ವೃತ್ತಿಪರ ಲೀಗ್ ಹುಟ್ಟಿದ್ದು ಅದಾಗಿ ಅರ್ಧ ಶತಮಾನದ ನಂತರ. ಅಷ್ಟರಲ್ಲಿ ವಿಶ್ವವಿದ್ಯಾಲಯದ ತಂಡ ಎಂಬುದು ಊರಿನ, ಎಷ್ಟೋ ಕಡೆ ಇಡೀ ರಾಜ್ಯದ ಮಾನದ ಪ್ರಶ್ನೆಯಾಗಿ ಬೆಳೆದಿತ್ತು. ಇಂದು ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಲ್ಲ ಕ್ರೀಡಾಂಗಣವಿರುವ ವಿಶ್ವವಿದ್ಯಾಲಯಗಳು ಅಲ್ಲಿ ಹಲವಾರಿವೆ.

ಆದರೆ ಈ ಆಟಕ್ಕೆ ಒಂದು ವಿಚಿತ್ರ ಮಿತಿ ಇದೆ. ಆಟಗಾರ ವಿದ್ಯಾರ್ಥಿ. ಅವನಿಗೆ ದೊರೆಯುತ್ತಿದ್ದುದು ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಋತು. ಅಷ್ಟರಲ್ಲಿ ಅವನು ಬೆಳಗಬೇಕು, ಆಮೇಲೆ ಹೊರಡಬೇಕು. ನಮ್ಮ ಕ್ರಿಕೆಟ್ ತಾರೆಯಂತೆ ಹದಿನೈದು ವರ್ಷ ಕಣ್ಣೆದುರು ಇರುವ ಭಾಗ್ಯ ಅವನಿಗಿಲ್ಲ. ಮೈದಾನದಲ್ಲಿ ಪ್ರತಿವರ್ಷ ಮುಖಗಳು ಬದಲಾಗುತ್ತಿದ್ದರೂ ಬದಲಾಗದೆ ಉಳಿಯುತ್ತಿದ್ದುದು ಮೈಕಿನ ಹಿಂದಿನ ದನಿ. ತಂದೆ ಕೇಳಿದ ದನಿಯನ್ನೇ ಮಗನೂ ಕೇಳಿದ.

ರೇಡಿಯೊ ಬಂದ ಕಾಲ

1921ರ ಅಕ್ಟೋಬರ್ 8ರಂದು ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ಕೇಂದ್ರ ಪಿಟ್ಸ್‌ಬರ್ಗ್ ಮತ್ತು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಗಳ ಪಂದ್ಯವನ್ನು ಪ್ರಸಾರ ಮಾಡಿತು. ಕಾಲೇಜು ಫುಟ್‌ಬಾಲಿನ ಮೊದಲ ನೇರ ರೇಡಿಯೊ ಪ್ರಸಾರವೆಂದು ಸಾಮಾನ್ಯವಾಗಿ ಇದನ್ನೇ ಹೆಸರಿಸುತ್ತಾರೆ. ಪಂದ್ಯ ಬಣ್ಣಿಸಿದ ಹೆರಾಲ್ಡ್ ಆರ್ಲಿನ್ ವೃತ್ತಿಯಿಂದ ಎಂಜಿನಿಯರ್. ವೀಕ್ಷಕ ವಿವರಣೆ ಎಂಬ ವೃತ್ತಿಯೇ ಆಗ ಇರಲಿಲ್ಲ.

ಆರು ವರ್ಷ ಕಳೆಯುವಷ್ಟರಲ್ಲಿ ಚಿತ್ರವೇ ಬದಲಾಯಿತು. 1927ರ ಜನವರಿ 1ರಂದು ಕ್ಯಾಲಿಫೋರ್ನಿಯಾದಲ್ಲಿ ನಡೆದ ರೋಸ್ ಬೌಲ್ ಪಂದ್ಯವನ್ನು ಎನ್‌ಬಿಸಿ ಸಂಸ್ಥೆ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಬಿತ್ತರಿಸಿತು. ಅಲಬಾಮಾ ಮತ್ತು ಸ್ಟ್ಯಾನ್‌ಫರ್ಡ್ ತಂಡಗಳು 7-7ರ ಸಮ ಮಾಡಿಕೊಂಡ ಆ ಪಂದ್ಯವನ್ನು ಗ್ರಹಾಂ ಮೆಕ್‌ನಾಮೀ ದೇಶಕ್ಕೆ ಕೇಳಿಸಿದರು. ಮೈದಾನದಿಂದ ಸಾವಿರಾರು ಮೈಲಿ ದೂರದ ಹಳ್ಳಿಯಲ್ಲಿದ್ದ ರೈತನೂ ಆ ದಿನ ಪ್ರೇಕ್ಷಕನಾದ. ಅವನ ಪಾಲಿಗೆ ಆಟ ಎಂದರೆ ವಿವರಣೆಗಾರ ಹೇಳಿದ್ದಷ್ಟೇ.

ಹೇಳುವವನ ಕೈಯಲ್ಲಿ ಎಷ್ಟು ಅಧಿಕಾರವಿತ್ತು ಎಂಬುದಕ್ಕೆ ರೊನಾಲ್ಡ್ ರೇಗನ್ ಅವರ ಕಥೆಯೇ ಸಾಕ್ಷಿ. ಮುಂದೆ ಅಮೆರಿಕದ ಅಧ್ಯಕ್ಷರಾದ ರೇಗನ್ ಇಲಿನಾಯ್ ರಾಜ್ಯದ ಯುರೇಕಾ ಕಾಲೇಜಿನ ತಂಡದಲ್ಲಿ ಆಡಿದವರು. 1932ರಲ್ಲಿ ಪದವಿ ಮುಗಿಸಿ, ಆರ್ಥಿಕ ಕುಸಿತದ ಆ ದಿನಗಳಲ್ಲಿ ಕೆಲಸ ಹುಡುಕುತ್ತ ಅಯೋವಾದ ಡಾವೆನ್‌ಪೋರ್ಟ್‌ನ ರೇಡಿಯೊ ಕೇಂದ್ರಕ್ಕೆ ಹೋದರು. ಖಾಲಿ ಸ್ಟುಡಿಯೊದಲ್ಲಿ ಮೈಕಿನ ಮುಂದೆ ನಿಂತು, ಪಂದ್ಯವೊಂದು ಕಣ್ಣೆದುರು ನಡೆಯುತ್ತಿದೆ ಎಂಬಂತೆ ಬಣ್ಣಿಸುವ ಪರೀಕ್ಷೆ ಅವರಿಗೆ ಒದಗಿತು. ರೇಗನ್ ತಾವೇ ಆಡಿದ್ದ ಹಳೆಯ ಪಂದ್ಯವನ್ನು ನೆನಪಿನಿಂದ ಹೇಳತೊಡಗಿದರು. ನಿಜವಾದ ಪಂದ್ಯದಲ್ಲಿ ಎದುರಾಳಿಯನ್ನು ತಡೆಯುವಲ್ಲಿ ತಾವು ವಿಫಲರಾಗಿದ್ದಾಗಿಯೂ, ಸ್ಟುಡಿಯೊದ ಪಂದ್ಯದಲ್ಲಿ ಮಾತ್ರ ಅವನನ್ನು ನೆಲಕ್ಕುರುಳಿಸಿದ್ದಾಗಿಯೂ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕೆಲಸ ಸಿಕ್ಕಿತು. ಮೊದಲ ಪಂದ್ಯಕ್ಕೆ ಸಂಭಾವನೆ 5 ಡಾಲರ್ ಮತ್ತು ಬಸ್ಸಿನ ಖರ್ಚು.

ಸಾಧಾರಣ ಆಟಗಾರನೊಬ್ಬ ತನ್ನ ಆಟವನ್ನು ಮಾತಿನಲ್ಲಿ ತಿದ್ದಿಕೊಂಡ ಈ ಪ್ರಸಂಗದಲ್ಲಿ ನಗೆಯೂ ಇದೆ, ಪಾಠವೂ ಇದೆ. ಮೈದಾನದಲ್ಲಿ ಆದದ್ದು ಒಂದು ಕ್ಷಣದಲ್ಲಿ ಮುಗಿಯುತ್ತದೆ. ಆಮೇಲೆ ಉಳಿಯುವುದು ಅದನ್ನು ಹೇಳಿದ ರೀತಿ.

ಮೈಕಿಗೆ ಮರಳಿದ ಆಟಗಾರರು

ದೊಡ್ಡ ಆಟಗಾರರೂ ಮೈಕಿನತ್ತ ಬಂದರು. ಇಲಿನಾಯ್ ವಿಶ್ವವಿದ್ಯಾಲಯದ ರೆಡ್ ಗ್ರೇಂಜ್ 1924ರ ಅಕ್ಟೋಬರ್ 18ರಂದು ಮಿಷಿಗನ್ ವಿರುದ್ಧ ಮೊದಲ 12 ನಿಮಿಷಗಳಲ್ಲೇ ನಾಲ್ಕು ಟಚ್‌ಡೌನ್ ಗಳಿಸಿ ದೇಶದ ಮನೆಮಾತಾಗಿದ್ದರು. ಆಡುವುದು ನಿಂತ ಮೇಲೆ ರೇಡಿಯೊ, ಟೆಲಿವಿಷನ್‌ಗಳಲ್ಲಿ ಪಂದ್ಯ ವಿವರಿಸಿದರು. ಮಿಷಿಗನ್‌ನ ಟಾಮ್ ಹಾರ್ಮನ್ 1940ರಲ್ಲಿ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್ಮನ್ ಪ್ರಶಸ್ತಿ ಪಡೆದವರು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದ ಅವರ ವಿಮಾನ 1943ರಲ್ಲಿ ಚೀನಾದ ಮೇಲೆ ಹೊಡೆದುರುಳಿಸಲ್ಪಟ್ಟರೂ ಬದುಕಿ ಬಂದರು. ಮುಂದಿನ ದಶಕಗಳಲ್ಲಿ ಜನ ಅವರನ್ನು ಬಲ್ಲದ್ದು ಕ್ರೀಡಾ ಪ್ರಸಾರಕರಾಗಿ. ನಾಲ್ಕು ವರ್ಷಕ್ಕೆ ಮುಗಿದುಹೋದ ಆಟಕ್ಕೆ ಮರಳಲು ಆಟಗಾರನಿಗೆ ಇದ್ದ ಬಾಗಿಲುಗಳು ಎರಡು. ಒಂದು ತರಬೇತಿ, ಇನ್ನೊಂದು ಮೈಕು.

'ನಾವು' ಎನ್ನುವ ದನಿ

ವಿಶ್ವವಿದ್ಯಾಲಯದ ರೇಡಿಯೊ ವಿವರಣೆಗಾರನಿಗೆ ನಿಷ್ಪಕ್ಷಪಾತಿಯಾಗಿರುವ ಹಂಗಿಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಪಂದ್ಯಗಳನ್ನು 1966ರಿಂದ 2008ರವರೆಗೆ ಬಣ್ಣಿಸಿದ ಲ್ಯಾರಿ ಮನ್ಸನ್ ತಮ್ಮ ತಂಡವನ್ನು 'ನಾವು' ಎಂದೇ ಕರೆಯುತ್ತಿದ್ದರು. ಅವರು ಹುಟ್ಟಿದ್ದು ದೂರದ ಉತ್ತರದ ಮಿನೆಸೋಟಾದಲ್ಲಿ. ಒರಟು ಕಂಠ, ಸದಾ ಸೋಲಿನ ಭಯ. ಜಾರ್ಜಿಯಾದ ಜನರಿಗೆ ಅದು ತಮ್ಮದೇ ಎದೆಬಡಿತದಂತೆ ಕೇಳಿಸುತ್ತಿತ್ತು.

1980ರ ನವೆಂಬರ್ 8ರಂದು ಜಾಕ್ಸನ್‌ವಿಲ್‌ನಲ್ಲಿ ಫ್ಲೋರಿಡಾ ವಿರುದ್ಧ ಜಾರ್ಜಿಯಾ 20-21ರಿಂದ ಹಿಂದಿತ್ತು. ಉಳಿದದ್ದು ಒಂದು ನಿಮಿಷದಷ್ಟು ಕಾಲ, ಚೆಂಡು ಇದ್ದದ್ದು ತಮ್ಮದೇ ಗೆರೆಯ ಹತ್ತಿರ. ಬಕ್ ಬೆಲೂ ಎಸೆದ ಚೆಂಡನ್ನು ಹಿಡಿದ ಲಿಂಡ್ಸೆ ಸ್ಕಾಟ್ ಓಡತೊಡಗಿದರು. ಮನ್ಸನ್ ವಿವರಣೆ ಬಿಟ್ಟು, ಓಡು ಲಿಂಡ್ಸೆ ಎಂದು ಕೂಗುತ್ತ ಆಟಗಾರನನ್ನೇ ಹುರಿದುಂಬಿಸಿದರು. 93 ಗಜದ ಆ ಆಟ ಟಚ್‌ಡೌನ್‌ನಲ್ಲಿ ಮುಗಿದು ಜಾರ್ಜಿಯಾ 26-21ರಿಂದ ಗೆದ್ದಿತು. ಆವೇಶದಲ್ಲಿ ತಾವು ಕುಳಿತಿದ್ದ ಕುರ್ಚಿಯನ್ನೇ ಮುರಿದದ್ದನ್ನೂ ಮನ್ಸನ್ ಕೇಳುಗರಿಗೆ ವರದಿ ಮಾಡಿದರು. ಆ ವರ್ಷ ಒಂದೂ ಪಂದ್ಯ ಸೋಲದೆ ಜಾರ್ಜಿಯಾ ರಾಷ್ಟ್ರೀಯ ಚಾಂಪಿಯನ್ ಆಯಿತು.

ಈ ಕೂಗಿಗೆ ಇನ್ನೊಂದು ಅರ್ಥವೂ ಇದೆ. ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಮೊದಲ ಕಪ್ಪು ವಿದ್ಯಾರ್ಥಿಗಳು ಕಾಲಿಟ್ಟದ್ದು 1961ರಲ್ಲಿ, ಅದೂ ನ್ಯಾಯಾಲಯದ ಆದೇಶದ ಬಲದಿಂದ. ಅದರ ಫುಟ್‌ಬಾಲ್ ತಂಡ ಕಪ್ಪು ಆಟಗಾರರಿಗೆ ಮೊದಲ ಬಾರಿ ವಿದ್ಯಾರ್ಥಿವೇತನ ಕೊಟ್ಟದ್ದು 1971ರಲ್ಲಿ. ಅದಾಗಿ ಒಂಬತ್ತೇ ವರ್ಷಕ್ಕೆ ಕಪ್ಪು ಯುವಕನೊಬ್ಬನ ಹೆಸರನ್ನು ಇಡೀ ರಾಜ್ಯ ಮನ್ಸನ್ ಜೊತೆ ಕೂಗಿತು. 'ನಾವು' ಎಂಬ ಆ ಪದದೊಳಗೆ ಲಿಂಡ್ಸೆ ಸ್ಕಾಟ್ ಕೂಡ ಸೇರಿದ್ದರು. ವರ್ಣಭೇದ ಅದರಿಂದ ಅಳಿಯಲಿಲ್ಲ. ಆದರೆ ಅಂದು ಹಳೆಯ ಗೆರೆಯೊಂದು ಕೆಲವು ಕ್ಷಣವಾದರೂ ಕಾಣದಾಯಿತು ಎನ್ನಬಹುದು.

ಎರಡು ವರ್ಷದ ನಂತರ, 1982ರ ನವೆಂಬರ್ 20ರಂದು ಬರ್ಕ್‌ಲಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಸ್ಟ್ಯಾನ್‌ಫರ್ಡ್ ಗೆದ್ದಿತೆಂದು ಅದರ ವಾದ್ಯವೃಂದ ಮೈದಾನಕ್ಕೆ ನುಗ್ಗಿತ್ತು. ಕ್ಯಾಲಿಫೋರ್ನಿಯಾ ತಂಡದವರು ಮಾತ್ರ ಚೆಂಡನ್ನು ಐದು ಬಾರಿ ಕೈಯಿಂದ ಕೈಗೆ ದಾಟಿಸುತ್ತ, ವಾದ್ಯದವರ ನಡುವೆಯೇ ನುಸುಳಿ 25-20ರಿಂದ ಗೆದ್ದರು. ರೇಡಿಯೊದಲ್ಲಿ ಜೋ ಸ್ಟಾರ್ಕಿ ಬೆರಗಿನಿಂದ ಕಿರುಚಿದ್ದು ಇಂದಿಗೂ ಮರುಪ್ರಸಾರವಾಗುತ್ತದೆ. ನಡುವೆ ಒಬ್ಬ ಆಟಗಾರನ ಮೊಣಕಾಲು ನೆಲ ಮುಟ್ಟಿತ್ತೇ ಎಂಬ ವಾದ ನಾಲ್ಕು ದಶಕ ಕಳೆದರೂ ಮುಗಿದಿಲ್ಲ. ಮುಟ್ಟಿದ್ದರೆ ಆಟ ಅಲ್ಲಿಗೇ ಮುಗಿಯಬೇಕಿತ್ತು.

ನ್ಯಾಯಾಲಯದ ತೀರ್ಪು

ಇಷ್ಟೊಂದು ಜನ ರೇಡಿಯೊಗೆ ಕಿವಿ ಕೊಡಲು ಮತ್ತೊಂದು ಕಾರಣವಿತ್ತು. ಟೆಲಿವಿಷನ್‌ನಲ್ಲಿ ಪಂದ್ಯ ತೋರಿಸಿದರೆ ಕ್ರೀಡಾಂಗಣ ಖಾಲಿಯಾದೀತು ಎಂಬ ಭಯದಿಂದ, ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎ 1950ರ ದಶಕದ ಆರಂಭದಿಂದಲೇ ಪ್ರಸಾರಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿತ್ತು. ಎಷ್ಟೋ ಶನಿವಾರ ತನ್ನ ತಂಡದ ಆಟ ತಿಳಿಯಲು ಅಭಿಮಾನಿಗೆ ರೇಡಿಯೊ ಒಂದೇ ದಾರಿಯಾಗಿತ್ತು.

ಓಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ಕಡೆಯವರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1984ರ ಜೂನ್ 27ರಂದು ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಎನ್‌ಸಿಎಎ ನಿರ್ಬಂಧ ಕಾನೂನುಬಾಹಿರವೆಂದು ಸಾರಿತು. ಭಿನ್ನಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬೈರನ್ ವೈಟ್. ಅವರೂ ಹಳೆಯ ಆಟಗಾರರೇ. ಕೊಲರಾಡೊ ವಿಶ್ವವಿದ್ಯಾಲಯದ ತಾರೆಯಾಗಿ 1937ರ ಹೈಸ್ಮನ್ ಪ್ರಶಸ್ತಿಯ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದವರು. ಕಾಲೇಜು ಕ್ರೀಡೆ ಶಿಕ್ಷಣದ ಭಾಗ, ಅದನ್ನು ಶುದ್ಧ ವ್ಯಾಪಾರದ ಅಳತೆಗೋಲಿನಿಂದ ಅಳೆಯಬಾರದು ಎಂಬುದು ಅವರ ವಾದದ ತಿರುಳು. ಬಹುಮತ ಒಪ್ಪಲಿಲ್ಲ. ಪ್ರಸಾರದ ಹಕ್ಕು ಮಾರುಕಟ್ಟೆಗೆ ಬಂತು, ಪಂದ್ಯಗಳು ತೆರೆಯ ತುಂಬ ತುಂಬಿದವು.

ಯಾರ ಕಡೆಯವನು?

ತೆರೆಗೆ ಬಂದ ದನಿ ಇಡೀ ದೇಶಕ್ಕೆ ಸೇರಿದ್ದು. ಅದು ಯಾರನ್ನೂ 'ನಾವು' ಎನ್ನುವಂತಿಲ್ಲ. ಆ ಕಷ್ಟದ ಕೆಲಸವನ್ನು ಎಲ್ಲರೂ ಮೆಚ್ಚುವಂತೆ ಮಾಡಿದವರು ಎಬಿಸಿ ವಾಹಿನಿಯ ಕೀತ್ ಜಾಕ್ಸನ್. ಜಾರ್ಜಿಯಾದ ಹಳ್ಳಿಗಾಡಿನಲ್ಲಿ ಬೆಳೆದ ಅವರ ಮಾತಿನಲ್ಲಿ ಹೊಲಗದ್ದೆಯ ವಾಸನೆಯಿತ್ತು. 2006ರ ಜನವರಿಯ ರೋಸ್ ಬೌಲ್‌ನಲ್ಲಿ ಟೆಕ್ಸಾಸ್ 41-38ರಿಂದ ಸದರ್ನ್ ಕ್ಯಾಲಿಫೋರ್ನಿಯಾವನ್ನು ಸೋಲಿಸಿದ ಪಂದ್ಯವೇ ಅವರು ವಿವರಿಸಿದ ಕೊನೆಯ ಪಂದ್ಯ. 2018ರಲ್ಲಿ ಅವರು ತೀರಿಕೊಂಡಾಗ ಪರಸ್ಪರ ಹಗೆಯ ತಂಡಗಳ ಅಭಿಮಾನಿಗಳೂ ಒಟ್ಟಾಗಿ ನೆನೆದರು.

ಹಳೆಯ ಆಟಗಾರ ರಾಷ್ಟ್ರೀಯ ಮೈಕು ಹಿಡಿದರೆ ಇಷ್ಟು ಸುಲಭವಲ್ಲ. ಒಹಾಯೊ ಸ್ಟೇಟ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ, ತಂದೆಯೂ ಅದೇ ತಂಡದ ನಾಯಕರಾಗಿದ್ದ ಕರ್ಕ್ ಹರ್ಬ್‌ಸ್ಟ್ರೀಟ್ 1996ರಲ್ಲಿ ಇಎಸ್‌ಪಿಎನ್‌ನ 'ಕಾಲೇಜ್ ಗೇಮ್‌ಡೇ' ಕಾರ್ಯಕ್ರಮ ಸೇರಿದರು. ಅನ್ಯ ತಂಡಗಳ ಅಭಿಮಾನಿಗಳಿಗೆ ಅವರು ಒಹಾಯೊ ಪಕ್ಷಪಾತಿ. ಒಹಾಯೊದ ಕೆಲವರಿಗೆ ಮಾತ್ರ ತಮ್ಮ ತಂಡವನ್ನು ಸಾಕಷ್ಟು ಹೊಗಳದ ದ್ರೋಹಿ. ಆ ಕೆಲವರ ಕಾಟ ತಾಳಲಾರದೆ ಅವರು 2011ರಲ್ಲಿ ಕುಟುಂಬದೊಡನೆ ಕೊಲಂಬಸ್ ನಗರ ತೊರೆದು ನ್ಯಾಶ್‌ವಿಲ್‌ಗೆ ಹೋಗಿ ನೆಲೆಸಿದರು. ಅಭಿಮಾನಿ ಕೇಳುವ ಪ್ರಶ್ನೆ ಒಂದೇ: ನೀನು ಯಾರ ಕಡೆ? ಪ್ರಾಮಾಣಿಕ ಉತ್ತರ ಕೊಡುವವನಿಗೆ ಎರಡೂ ಕಡೆಯಿಂದ ಏಟು.

ಬಹುಶಃ ಇದರಿಂದಲೇ ಟೆಲಿವಿಷನ್‌ನ ದನಿ ಅಡಗಿಸಿ, ಚಿತ್ರ ಮಾತ್ರ ಇಟ್ಟುಕೊಂಡು, ತಮ್ಮ ವಿಶ್ವವಿದ್ಯಾಲಯದ ರೇಡಿಯೊ ವಿವರಣೆ ಕೇಳುವ ರೂಢಿ ಅಲ್ಲಿ ಬೆಳೆಯಿತು. ಇತ್ತೀಚೆಗೆ ಚಿತ್ರಕ್ಕೂ ದನಿಗೂ ಹಲವು ಸೆಕೆಂಡುಗಳ ಅಂತರ ಬೀಳುವುದರಿಂದ ಈ ರೂಢಿಗೆ ತೊಡಕಾಗಿದೆ. ಆದರೂ ಬಿಡದವರಿದ್ದಾರೆ.

ಉಳಿದ ಲೆಕ್ಕ

1984ರ ತೀರ್ಪಿನ ನಂತರ ಹಣದ ಹೊಳೆ ಹರಿಯಿತು. ವಾಹಿನಿಗಳಿಗೆ, ವಿಶ್ವವಿದ್ಯಾಲಯಗಳಿಗೆ, ತರಬೇತುದಾರರಿಗೆ, ವಿವರಣೆಗಾರರಿಗೆ ಪಾಲು ಸಿಕ್ಕಿತು. ಓಡಿದವನಿಗೆ ವಿದ್ಯಾರ್ಥಿವೇತನಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಹವ್ಯಾಸಿ ಎಂಬ ಬಿರುದು ಅವನನ್ನು ಕಟ್ಟಿಹಾಕಿತ್ತು. ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸುವ ಅವಕಾಶ ಆಟಗಾರರಿಗೆ ದೊರೆತದ್ದು 2021ರ ಜುಲೈ 1ರಿಂದ. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ ಒಪ್ಪಂದದ ಪ್ರಕಾರ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2016ರಿಂದೀಚೆಗೆ ಆಡಿದ ಕ್ರೀಡಾಪಟುಗಳಿಗೆ ಸುಮಾರು 280 ಕೋಟಿ ಡಾಲರ್ ಹಿಂಬಾಕಿಯೂ ನಿಗದಿಯಾಯಿತು. ಗ್ರೇಂಜ್, ಹಾರ್ಮನ್, ಸ್ಕಾಟ್ ಅವರ ಕಾಲದವರಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಇದರೊಡನೆ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವ ನಿಯಮಗಳೂ ಸಡಿಲಗೊಂಡವು. ಈಗ ಆಟಗಾರ ನಾಲ್ಕು ವರ್ಷವೂ ಒಂದೇ ಕಡೆ ನಿಲ್ಲುತ್ತಾನೆಂಬ ಭರವಸೆ ಇಲ್ಲ. ಇದನ್ನು ನಿಷ್ಠೆಯ ಪತನವೆಂದು ಹಳಿಯುವ ಅಭಿಮಾನಿಗಳು ಬಹಳ. ದುಡಿದವನಿಗೆ ತಡವಾಗಿಯಾದರೂ ಕೂಲಿ ಸಿಕ್ಕಿತು ಎನ್ನುವವರೂ ಇದ್ದಾರೆ. ನ್ಯಾಯ ಎರಡನೆಯವರ ಕಡೆಗಿದೆ. ಆದರೆ ಮೊದಲಿನವರ ಕೊರಗನ್ನು ಪೊಳ್ಳೆಂದು ತಳ್ಳಿಹಾಕುವಂತಿಲ್ಲ. ಅವರು ಕಳೆದುಕೊಳ್ಳುತ್ತಿರುವುದು ನಾಲ್ಕು ವರ್ಷವಾದರೂ ತಮ್ಮವನಾಗಿದ್ದ ಹುಡುಗನನ್ನು.

ಮುಂದಿನ ತಲೆಮಾರಿನ ಅಭಿಮಾನಿಗಳು ಒಂದೆಡೆ ಕುಳಿತಾಗ ಯಾರ ಹೆಸರು ಹೇಳುತ್ತಾರೆ ಎಂಬುದು ಕುತೂಹಲದ ವಿಷಯ. ಒಂದೇ ವರ್ಷ ಆಡಿ ಹೋದವನ ಓಟವನ್ನೂ ಅವರು ನೆನಪಿಡಬಹುದು. ಅದಕ್ಕೆ ಆ ಓಟವನ್ನು ಎದೆತುಂಬಿ ಹೇಳುವವರೊಬ್ಬರು ಮೈಕಿನ ಹಿಂದೆ ಇರಬೇಕು.