ಎರೆಹೊಲದ ಚಿಗರಿ, ಗದ್ವಾಲ ಸೀರೆಯ ಎಳೆ

ಮಕ್ತಲ್‌ ಸೀಮೆಯ ಕೃಷ್ಣಾ ತೀರದ ಎರೆಹೊಲಗಳಲ್ಲಿ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡುಗಳು ಕಾಣುತ್ತವೆ. ಬೆಳೆ ಮೇಯುತ್ತವೆಂದು ರೈತರಿಗೆ ಅವುಗಳ ಮೇಲೆ ಸಿಟ್ಟು. ಕ್ಯಾಮೆರಾ ಹಿಡಿದು ಬಂದವರಿಗೆ ಹಬ್ಬ. ಆದರೆ ಕೃಷ್ಣಮೃಗ ಸುಲಭಕ್ಕೆ ಹತ್ತಿರ ಬಿಟ್ಟುಕೊಳ್ಳುವ ಪ್ರಾಣಿಯಲ್ಲ. ಇತ್ತ ನಾರಾಯಣಪೇಟೆ, ಗದ್ವಾಲಗಳ ಮಗ್ಗದ ಮನೆಗಳಲ್ಲಿ ಪಾಡು ತದ್ವಿರುದ್ಧ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡುವ ಜಾಗ, ಜರಿಯ ಒಂದೊಂದು ಎಳೆ ಅಲ್ಲಿ ಚಿತ್ರಕ್ಕೆ ಸಿಗಬೇಕು. ಒಂದಕ್ಕೆ ದೂರದ್ದನ್ನು ಹಿಡಿಯುವ ಟೆಲಿ ಲೆನ್ಸ್‌, ಇನ್ನೊಂದಕ್ಕೆ ತೀರ ಹತ್ತಿರದ್ದನ್ನು ಹಿಡಿಯುವ ಮ್ಯಾಕ್ರೋ. ಎರಡಕ್ಕೂ ಸಣ್ಣ ಸೆನ್ಸರೇ ಮೇಲು ಎಂಬ ಮಾತು ಫೋಟೋಗ್ರಾಫರುಗಳ ನಡುವೆ ಬಹಳ ದಿನದಿಂದ ಓಡಾಡುತ್ತಿದೆ.

ಫಿಲ್ಮಿನ ಕಾಲದಲ್ಲಿ ಈ ಜಗಳವೇ ಅಷ್ಟಾಗಿ ಇರಲಿಲ್ಲ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದ ಮೇಲೆ 36×24 ಮಿ.ಮೀ. ಚೌಕಟ್ಟು ರೂಢಿಯಾಯಿತು. ಅದರಲ್ಲಿ 400 ಎಂಎಂ ಲೆನ್ಸ್ ಅಂದರೆ ಎಲ್ಲರಿಗೂ ಒಂದೇ ನೋಟ. ಟಿ.ಎನ್‌.ಎ. ಪೆರುಮಾಳ್‌, ಸಂಡೂರಿನ ಎಂ.ವೈ. ಘೋರ್ಪಡೆಯವರಂಥ ನಮ್ಮ ವನ್ಯಜೀವಿ ಛಾಯಾಗ್ರಾಹಕರು ಹೆಸರು ಮಾಡಿದ್ದು ಫಿಲ್ಮಿನ ದಿನಗಳಲ್ಲೇ.

ಗೊಂದಲ ಶುರುವಾದದ್ದು ಡಿಜಿಟಲ್‌ ಬಂದ ಮೇಲೆ. ಸಿಲಿಕಾನ್‌ ಬಿಲ್ಲೆಯಲ್ಲಿ ತುಂಡು ದೊಡ್ಡದಾದಷ್ಟೂ ದೋಷ ಹೊಕ್ಕು ಕೆಡುವ ಸಂಭವ ಹೆಚ್ಚು, ಬೆಲೆಯೂ ಹೆಚ್ಚು. ಹಾಗಾಗಿ 1999ರ ನಿಕಾನ್‌ ಡಿ1ರಲ್ಲಿ ಸೆನ್ಸರ್‌ ಫಿಲ್ಮಿಗಿಂತ ಒಂದೂವರೆ ಪಟ್ಟು ಕಿರಿದು. ಇದೇ ಎಪಿಎಸ್‌-ಸಿ ಅಳತೆ. ಕಂಪನಿಗಳ ಉಳಿತಾಯ ಹಕ್ಕಿಯ ಚಿತ್ರ ಹಿಡಿಯುವವರಿಗೆ ವರವಾಗಿ ಕಂಡಿತು: 400 ಎಂಎಂ ಲೆನ್ಸ್‌ 600 ಆಯಿತೆಂದು ಹಿಗ್ಗಿದರು. ಆಗಿದ್ದು ಇಷ್ಟೇ, ಚಿತ್ರದ ಅಂಚು ಕತ್ತರಿಸಿ ಹೋಗಿತ್ತು.

ಲೆಕ್ಕ ಹಾಕಿ ನೋಡೋಣ. ಭುಜದವರೆಗೆ 80 ಸೆಂ.ಮೀ. ಎತ್ತರದ ಚಿಗರಿ ನೂರು ಮೀಟರ್‌ ದೂರದಲ್ಲಿದೆ. 400 ಎಂಎಂ ಲೆನ್ಸ್‌ ಅದನ್ನು ಸೆನ್ಸರಿನ ಮೇಲೆ 3.2 ಮಿ.ಮೀ. ಎತ್ತರಕ್ಕೆ ಮೂಡಿಸುತ್ತದೆ. ಹಿಂದೆ ಯಾವ ಸೆನ್ಸರ್‌ ಇಟ್ಟರೂ ಅದು 3.2 ಮಿ.ಮೀ.ಯೇ. ಆ ಜಾಗದಲ್ಲಿ ಎಷ್ಟು ಪಿಕ್ಸೆಲ್‌ ಕೂತಿವೆ ಎಂಬುದೇ ಪ್ರಶ್ನೆ. 2007ರ ಫುಲ್‌ ಫ್ರೇಮ್‌ (ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ನಿಕಾನ್‌ ಡಿ3ಯಲ್ಲಿ ಸುಮಾರು 380; 2016ರ ಎಪಿಎಸ್‌-ಸಿ ಡಿ500ರಲ್ಲಿ ಸುಮಾರು 760. ಇಲ್ಲಿ ಸಣ್ಣ ಸೆನ್ಸರ್‌ ಗೆದ್ದಂತೆ ಕಾಣುತ್ತದೆ. ಆದರೆ ಮರುವರ್ಷವೇ ಬಂದ ಫುಲ್‌ ಫ್ರೇಮ್‌ ಡಿ850ಯಲ್ಲಿ ಸುಮಾರು 735! ಗೆದ್ದದ್ದು ಸೆನ್ಸರಿನ ಅಳತೆಯಲ್ಲ, ಪಿಕ್ಸೆಲ್ಲಿನ ಒತ್ತು. ಚಿಗರಿ ಓಡಿದಾಗ ಸುತ್ತ ಒಂದಿಷ್ಟು ಹೊಲ ಉಳಿದಿರುವುದು ದೊಡ್ಡ ಸೆನ್ಸರಿನ ಹೆಚ್ಚುಗಾರಿಕೆ. ಹಗುರ, ಅಗ್ಗ ಎಂಬುದು ಸಣ್ಣದರದ್ದು. ಹೊಲದ ಬದುವಿನ ಮೇಲೆ ನಡೆಯುವವನಿಗೆ ನಾನಾದರೆ ಎಪಿಎಸ್‌-ಸಿಯನ್ನೇ ಹೇಳುತ್ತೇನೆ.

ಇದೇ ದಾರಿಯನ್ನು ತುದಿಗೆ ಒಯ್ದದ್ದು 2015ರ ನಿಕಾನ್‌ ಪಿ900. 2000 ಎಂಎಂ ಎಂಬ ಜಾಹೀರಾತು. ನಿಜವಾದ ಲೆನ್ಸ್‌ 357 ಎಂಎಂ, ಸೆನ್ಸರ್‌ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದರ ಪಿಕ್ಸೆಲ್‌ ಅಗಲ ಸುಮಾರು 1.3 ಮೈಕ್ರಾನ್‌. ಪೂರ್ತಿ ಜೂಮಿನ ಎಫ್‌/6.5ರಲ್ಲಿ ಬೆಳಕಿನ ವಿವರ್ತನೆಯಿಂದ ಒಂದು ಚುಕ್ಕೆಯೇ 8–9 ಮೈಕ್ರಾನ್‌ ಹರಡುತ್ತದೆ. ಒಂದು ಚುಕ್ಕೆಗೆ ಆರೇಳು ಪಿಕ್ಸೆಲ್‌ ಅಡ್ಡ ಕೂತರೆ ವಿವರ ಬರುವುದೆಲ್ಲಿಂದ? ದೂರದ್ದನ್ನು ಬಿಡಿಸಿ ತೋರಿಸುವುದು ಕೊನೆಗೂ ಲೆನ್ಸಿನ ಬಾಯಿಯ ಅಗಲ: ಇಲ್ಲಿ 55 ಮಿ.ಮೀ.; 500 ಎಂಎಂ ಎಫ್‌/5.6 ಲೆನ್ಸಿನಲ್ಲಿ ಸುಮಾರು 89.

ಮ್ಯಾಕ್ರೋಗೆ ಬಂದರೆ, 1:1 (ಬಿಂಬ ವಸ್ತುವಿನಷ್ಟೇ ದೊಡ್ಡದು) ಎಂಬ ಹಳೆಯ ಅಳತೆಯೇ ಹಾದಿ ತಪ್ಪಿಸುತ್ತದೆ. ಫುಲ್‌ ಫ್ರೇಮಿನಲ್ಲಿ 1:1 ಅಂದರೆ ಸೀರೆಯ 36×24 ಮಿ.ಮೀ. ಜಾಗ ಚಿತ್ರ ತುಂಬುತ್ತದೆ. 2003ರಲ್ಲಿ ಒಲಿಂಪಸ್‌ ಇ-1ರೊಂದಿಗೆ ಬಂದ ಫೋರ್‌ ಥರ್ಡ್ಸ್‌ ಸೆನ್ಸರಿನಲ್ಲಿ ಸುಮಾರು 17×13 ಮಿ.ಮೀ. ಸಾಕು. ಅದೇ ತುಂಡನ್ನು ಫುಲ್‌ ಫ್ರೇಮಿನಲ್ಲಿ ತುಂಬಿಸಲು ಸುಮಾರು 2:1 ಬೇಕು. ಅದಕ್ಕೆ ಬೇರೆಯೇ ಲೆನ್ಸು, ಇಲ್ಲವೇ ಎಕ್ಸ್‌ಟೆನ್ಶನ್‌ ಟ್ಯೂಬು. ಒಂದೇ ಎಫ್‌ ಸಂಖ್ಯೆಯಲ್ಲಿ ಸಣ್ಣ ಸೆನ್ಸರಿಗೆ ಫೋಕಸಿನ ಆಳವೂ ಹೆಚ್ಚು. ಆದರೆ ಅಷ್ಟೇ ಬಟ್ಟೆ, ಅಷ್ಟೇ ಆಳ ಎಂದು ಹಟ ಹಿಡಿದರೆ ವಿವರ್ತನೆಯ ಮಸುಕು ಎರಡರಲ್ಲೂ ಹೆಚ್ಚೂಕಡಿಮೆ ಒಂದೇ. ಮೇಲಾಗಿ 1:1ರಲ್ಲಿ ಎಫ್‌/11 ಇಟ್ಟರೆ ಅದು ಎಫ್‌/22ರಂತೆ ವರ್ತಿಸುತ್ತದೆ, ಇದು ಹಲವರಿಗೆ ಹೊಳೆಯುವುದೇ ಇಲ್ಲ.

ಈ ಬಿಕ್ಕಟ್ಟಿಗೆ ಹೊರದಾರಿ ತೋರಿದ್ದು ಸೆನ್ಸರ್‌ ಅಲ್ಲ, ಫೋಕಸ್‌ ಸ್ಟ್ಯಾಕಿಂಗ್‌. ಫೋಕಸ್‌ ಸರಿಸುತ್ತ ಹತ್ತಾರು ಚಿತ್ರ ತೆಗೆದು ಒಂದಾಗಿ ಬೆಸೆಯುವುದು. ಜೇನ್ನೊಣಕ್ಕೆ ಇದು ಕಷ್ಟ, ಸೀರೆ ಅಲುಗುವುದಿಲ್ಲ. ಇನ್ನೂ ಸುಲಭದ ಮಾತೊಂದಿದೆ: ಸೀರೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹಾಸಿ, ಕ್ಯಾಮೆರಾವನ್ನು ಅದಕ್ಕೆ ಸಮಾಂತರವಾಗಿ ನಿಲ್ಲಿಸಿದರೆ ಆಳದ ಚಿಂತೆಯೇ ಮುಗಿಯಿತು. ಬೆಳಕು ಮಾತ್ರ ಒಂದು ಪಕ್ಕದಿಂದ ಓರೆಯಾಗಿ ಬೀಳಬೇಕು, ಇಲ್ಲದಿದ್ದರೆ ಜರಿ ಬರೀ ಬಿಳಿಯ ಪಟ್ಟಿ.

ಚಿಗರಿಗೆ ಅಂಥ ಉಪಾಯವಿಲ್ಲ. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಎರೆಭೂಮಿಯಿಂದ ಏಳುವ ಬಿಸಿಗಾಳಿ ನೂರು ಮೀಟರಿನಾಚೆಯ ಕೊಂಬುಗಳನ್ನು ನೀರಿನಲ್ಲಿ ನೋಡಿದಂತೆ ಅಲ್ಲಾಡಿಸುತ್ತದೆ. ಪಿ900 ಇರಲಿ, ಡಿ850 ಇರಲಿ, ಆಮೇಲೆ ಚೀಲಕ್ಕೆ ಹಾಕಿಕೊಂಡು ನೆರಳು ಹುಡುಕುವುದೇ.